ಕಾರು ಹೋದ ಮೇಲೆ ಬೀದಿಗೆ ಏನು ಬೇಕು?

1972ರ ಮೇ ತಿಂಗಳ ಒಂದು ಶುಕ್ರವಾರ ಸಂಜೆ. ಬ್ರೆಜಿಲ್‌ನ ಕುರಿಟೀಬಾ ನಗರದ ನಟ್ಟನಡುವೆ 'ನವೆಂಬರ್ 15ರ ಬೀದಿ' ಎಂಬ ಹೆಸರಿನ ದೊಡ್ಡ ಅಂಗಡಿ ಬೀದಿ ಇದೆ. ಅಂಗಡಿಗಳು ಬಾಗಿಲು ಹಾಕುವ ಹೊತ್ತಿಗೆ ಕೆಲಸಗಾರರು ಬಂದು ಡಾಂಬರು ಕೀಳಲು ಶುರು ಮಾಡಿದರು. ಆಗಿನ ಮೇಯರ್ ಜೈಮಿ ಲರ್ನರ್ ಸ್ವತಃ ಆರ್ಕಿಟೆಕ್ಟ್. ಕೆಲಸ ನಿಧಾನವಾದರೆ ಯಾರಾದರೂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತಾರೆ ಅಂತ ಅವರಿಗೆ ಗೊತ್ತಿತ್ತು. 72 ಗಂಟೆಗಳಲ್ಲಿ ಬೀದಿಗೆ ಕಲ್ಲು ಹಾಸಿ, ಹೂಗಿಡ ಇಟ್ಟು, ದೀಪ ಹಾಕಿ ಮುಗಿಸಿಬಿಟ್ಟರು. ಸಿಟ್ಟಾದ ಕಾರು ಮಾಲೀಕರು ಆ ಬೀದಿಯಲ್ಲೇ ಗಾಡಿ ಓಡಿಸುತ್ತೇವೆ ಎಂದು ಹೊರಟಾಗ, ಅಲ್ಲಿ ಉದ್ದಕ್ಕೆ ಕಾಗದ ಹಾಸಿಕೊಂಡು ಮಕ್ಕಳು ಚಿತ್ರ ಬಿಡಿಸುತ್ತ ಕೂತಿದ್ದರು. ಕಾರುಗಳು ಒಳಗೆ ಬರಲಿಲ್ಲ.

ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಆದರೆ ಅಂದು ವಿರೋಧಿಸಿದ ಅಂಗಡಿಯವರ ಭಯ ಸುಮ್ನೆ ಹುಟ್ಟಿದ್ದಲ್ಲ. ಕಾರು ತಡೆದ ಮೇಲೆ ಬೀದಿಗಳು ಬಿಕೋ ಎಂದ ಉದಾಹರಣೆಗಳೂ ಇವೆ. ಒಂದೇ ಕೆಲಸ ಒಂದು ಊರಿನಲ್ಲಿ ಫಲ ಕೊಟ್ಟು ಇನ್ನೊಂದರಲ್ಲಿ ಯಾಕೆ ಕೊಡಲಿಲ್ಲ? ಇದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೀದಿಯ ನಡುಭಾಗ ವಾಹನದ್ದು, ಅಂಚು ಮಾತ್ರ ನಡೆಯುವವರದ್ದು ಎಂಬ ನಂಬಿಕೆಗೆ ಸುಮಾರು ನೂರು ವರ್ಷ ವಯಸ್ಸು. ಅದಕ್ಕೂ ಮೊದಲು ಬೀದಿಯಲ್ಲಿ ಗಾಡಿಗಳಿದ್ದವು, ಕುದುರೆಗಳಿದ್ದವು, ಜೊತೆಗೆ ಮಾರುವವರು, ಆಡುವ ಮಕ್ಕಳು, ಹರಟೆ ಹೊಡೆಯುವವರು ಎಲ್ಲರೂ ಇದ್ದರು. 1920ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಕಾರು ಬಡಿದು ಸಾಯುವವರು ಜಾಸ್ತಿಯಾದಾಗ ಜನ ಕಾರುಗಳ ಮೇಲೆ ತಿರುಗಿಬಿದ್ದರು. ಕಾರು ಉದ್ಯಮದವರು ತಪ್ಪನ್ನು ನಡೆಯುವವರ ಮೇಲೆ ಹೊರಿಸಿದರು. ಎಲ್ಲೆಂದರಲ್ಲಿ ರಸ್ತೆ ದಾಟುವುದಕ್ಕೆ 'ಜೇವಾಕಿಂಗ್' ಎಂಬ ಮಾತು ಚಾಲ್ತಿಗೆ ಬಂತು. 'ಜೇ' ಅಂದರೆ ಪೇಟೆಯ ರೀತಿ ಗೊತ್ತಿಲ್ಲದ ಹಳ್ಳಿಗಮಾರ ಎಂಬ ಬೈಗುಳ. ಆಮೇಲೆ ಅದು ಕಾನೂನಿಗೂ ಸೇರಿತು. 1925ರಲ್ಲಿ ಲಾಸ್ ಏಂಜಲೀಸ್ ತಂದ ಸಂಚಾರ ನಿಯಮ ಬೇರೆ ಊರುಗಳಿಗೂ ಮಾದರಿಯಾಯಿತು.

ಹೀಗೆ ಕಳೆದುಕೊಂಡಿದ್ದನ್ನು ವಾಪಸ್ ಪಡೆಯುವ ಕೆಲಸ ದೊಡ್ಡದಾಗಿ ಶುರುವಾಗಿದ್ದು ಎರಡನೇ ಮಹಾಯುದ್ಧದ ನಂತರ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ನಡುಭಾಗ 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿತ್ತು. ಅಲ್ಲಿ 1953ರಲ್ಲಿ ಲೈನ್‌ಬಾನ್ ಎಂಬ ಅಂಗಡಿ ಬೀದಿ ತೆರೆಯಿತು. ಶುರುವಿನಿಂದಲೇ ಅದು ನಡೆಯುವವರಿಗೆ ಮಾತ್ರ.

ಅಮೆರಿಕದಲ್ಲಿ ಈ ಯೋಚನೆ ತಂದವರು ವಿಕ್ಟರ್ ಗ್ರೂಯನ್. ವಿಯೆನ್ನಾದಿಂದ 1938ರಲ್ಲಿ ವಲಸೆ ಬಂದ ಆರ್ಕಿಟೆಕ್ಟ್ ಇವರು. ಊರಾಚೆಯ ಶಾಪಿಂಗ್ ಮಾಲ್‌ಗೆ ರೂಪ ಕೊಟ್ಟವರೂ ಇವರೇ. ಆ ಮಾಲ್‌ಗಳಿಂದ ಊರೊಳಗಿನ ಅಂಗಡಿಗಳು ಸೊರಗುತ್ತಿದ್ದಾಗ ಕಲಮಜೂ ಎಂಬ ಪಟ್ಟಣ ಇವರಿಂದಲೇ ಒಂದು ಯೋಜನೆ ಬರೆಸಿಕೊಂಡಿತು. ಊರ ನಡುಭಾಗದ ಸುತ್ತ ವರ್ತುಲ ರಸ್ತೆ, ಅದರ ಅಂಚಿಗೆ ಪಾರ್ಕಿಂಗ್, ಒಳಗೆಲ್ಲ ನಡಿಗೆ: ಇದು ಗ್ರೂಯನ್ ಕೊಟ್ಟ ಚಿತ್ರ. ಪಟ್ಟಣ ಅದನ್ನು ಪೂರ್ತಿ ಮಾಡಲಿಲ್ಲ. ಒಂದು ಬೀದಿಯ ಎರಡು ತುಂಡಿಗೆ ಕಾರು ಬರದಂತೆ ತಡೆದು, ಹುಲ್ಲು, ಗಿಡ ಹಾಕಿ 1959ರಲ್ಲಿ ತೆರೆದರು.

ಅದನ್ನು ನೋಡಿ ಅಮೆರಿಕದಲ್ಲಿ ಸುಮಾರು 200 ಊರುಗಳು ಇಂಥ ಬೀದಿ ಮಾಡಿಕೊಂಡವು. ಹೆಚ್ಚಿನವು ಉಳಿಯಲಿಲ್ಲ. ಕಲಮಜೂ ತನ್ನ ಬೀದಿಗೆ 1998ರಲ್ಲಿ ಮತ್ತೆ ಕಾರು ಬಿಟ್ಟಿತು. ಗ್ರೂಯನ್ ಅವರದೇ ಇನ್ನೊಂದು ಕೆಲಸ, ಫ್ರೆಸ್ನೊ ನಗರದ ಫುಲ್ಟನ್ ಮಾಲ್ ಎಂಬ ನಡಿಗೆ ಬೀದಿ, 2017ರಲ್ಲಿ ಮತ್ತೆ ರಸ್ತೆಯಾಯಿತು.

ಕಾರು ತಡೆದದ್ದೇ ತಪ್ಪು ಅಂತ ತೀರ್ಮಾನಿಸುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಆ ಊರುಗಳ ನಡುಭಾಗದಲ್ಲಿ ಮನೆಗಳೇ ಕಡಿಮೆಯಾಗಿದ್ದವು. ಜನ ಹೊರವಲಯಕ್ಕೆ ಹೋಗಿಯಾಗಿತ್ತು, ಅವರ ಹಿಂದೆ ಅಂಗಡಿಗಳೂ ಹೋದವು. ಬಸ್ಸು ಸರಿಯಿರಲಿಲ್ಲ. ಕಚೇರಿ ಬಿಟ್ಟ ಮೇಲೆ ಆ ಬೀದಿಯಲ್ಲಿ ನಡೆಯಲು ಯಾರಿದ್ದರು? ಉಳಿದುಕೊಂಡ ಬೀದಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಬೌಲ್ಡರ್‌ನ ಪರ್ಲ್ ಸ್ಟ್ರೀಟ್, ಬರ್ಲಿಂಗ್ಟನ್‌ನ ಚರ್ಚ್ ಸ್ಟ್ರೀಟ್ ಇವತ್ತಿಗೂ ಗಿಜಿಗುಡುತ್ತವೆ. ಎರಡೂ ವಿಶ್ವವಿದ್ಯಾಲಯದ ಊರುಗಳು. ನಡೆದೇ ಬರುವಷ್ಟು ಹತ್ತಿರದಲ್ಲಿ ಸಾವಿರಾರು ಜನ ಇದ್ದಾರೆ.

ಅದೇ ಕಾಲದಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್ ಬೇರೆ ದಾರಿ ಹಿಡಿಯಿತು. 1962ರ ನವೆಂಬರ್‌ನಲ್ಲಿ ಸ್ಟ್ರಾಯೆಟ್ ಎಂಬ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದದ ಬೀದಿಗೆ ಕಾರು ತಡೆದರು. ಮೊದಲಿಗೆ ಅದು ಪ್ರಯೋಗ ಮಾತ್ರ. ಕಾರಿಲ್ಲದಿದ್ದರೆ ಗಿರಾಕಿ ಇಲ್ಲ ಎಂದು ಅಂಗಡಿಯವರು ಕೂಗಾಡಿದರು. ಬೀದಿಯಲ್ಲಿ ಕೂತು ಕಾಲ ಕಳೆಯುವುದು ಇಟಲಿಯವರ ಅಭ್ಯಾಸ, ಇಲ್ಲಿನ ಚಳಿಗೆ ಅದು ಆಗದ ಮಾತು ಅಂತಲೂ ವಾದ ಬಂತು. ಆದರೆ ಗಿರಾಕಿಗಳು ಬಂದರು. 1964ರಲ್ಲಿ ಬದಲಾವಣೆ ಕಾಯಂ ಆಯಿತು.

ಆಮೇಲಿನ ಕೆಲಸವೇ ನಿಜವಾಗಿ ದೊಡ್ಡದು. ನಗರ ಒಮ್ಮೆಲೇ ಹಾರಲಿಲ್ಲ. ಒಂದೊಂದು ಬೀದಿ, ಒಂದೊಂದು ಚೌಕ. ನಡುಭಾಗದ ಪಾರ್ಕಿಂಗ್ ಜಾಗವನ್ನು ವರ್ಷಕ್ಕೆ ಶೇಕಡ 2–3ರಷ್ಟು ಮಾತ್ರ ಕಡಿಮೆ ಮಾಡುತ್ತ ಹೋದರು. ಅಷ್ಟು ಸಣ್ಣ ಬದಲಾವಣೆಗೆ ಜನ ಹೊಂದಿಕೊಂಡರು. 1962ರಲ್ಲಿ 15,800 ಚದರ ಮೀಟರ್ ಇದ್ದ ಕಾರುರಹಿತ ಜಾಗ 1996ರ ಹೊತ್ತಿಗೆ ಸುಮಾರು 96,000 ಚದರ ಮೀಟರ್ ಆಗಿತ್ತು. ಯಾನ್ ಗೆಲ್ ಎಂಬ ಆರ್ಕಿಟೆಕ್ಟ್ ಮತ್ತು ಅವರ ವಿದ್ಯಾರ್ಥಿಗಳು ಬೀದಿಯಲ್ಲೇ ನಿಂತು ಎಣಿಸುತ್ತಿದ್ದರು. ಎಷ್ಟು ಜನ ಹಾದುಹೋದರು, ಎಷ್ಟು ಜನ ನಿಂತರು, ಎಷ್ಟು ಜನ ಕೂತರು. ಅದಕ್ಕೂ ಮೊದಲು ನಗರಗಳು ಕಾರುಗಳನ್ನು ಎಣಿಸುತ್ತಿದ್ದವೇ ಹೊರತು ಕೂತವರನ್ನಲ್ಲ. ಎಣಿಕೆಗೆ ಸಿಗದವರಿಗೆ ಯೋಜನೆಯಲ್ಲೂ ಜಾಗ ಇರುವುದಿಲ್ಲ ಅಲ್ವಾ?

ಹಾಗಾದರೆ ತಡೆದ ಕಾರುಗಳೆಲ್ಲ ಪಕ್ಕದ ಬೀದಿಗೆ ನುಗ್ಗುವುದಿಲ್ಲವೇ? ಸ್ವಲ್ಪ ನುಗ್ಗುತ್ತವೆ, ಎಲ್ಲವೂ ಅಲ್ಲ. 1998ರಲ್ಲಿ ಬ್ರಿಟನ್‌ನ ಸಂಶೋಧಕರು ಹಲವು ದೇಶಗಳ ಇಂಥ ಬೀದಿಗಳ ಲೆಕ್ಕ ತೆಗೆದು ನೋಡಿದಾಗ, ಸಂಚಾರದ ಒಂದು ಪಾಲು ಸುತ್ತಮುತ್ತ ಎಲ್ಲೂ ಕಾಣಿಸಲಿಲ್ಲ. ಕೆಲವರು ಹೊತ್ತು ಬದಲಿಸುತ್ತಾರೆ, ಕೆಲವರು ಬಸ್ಸು ಹತ್ತುತ್ತಾರೆ, ಕೆಲವರು ಎರಡು ಓಡಾಟವನ್ನು ಒಂದಾಗಿ ಮುಗಿಸುತ್ತಾರೆ.

ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೆ ಬಂತು. ಚೊಂಗ್ಯೆಚೊನ್ ಎಂಬ ಹೊಳೆಯನ್ನು ಕಾಂಕ್ರೀಟಿನಿಂದ ಮುಚ್ಚಿ ಅದರ ಮೇಲೆ ಫ್ಲೈಓವರ್ ಕಟ್ಟಿದ್ದರು. 2003ರಲ್ಲಿ ಅದನ್ನು ಒಡೆಯಲು ಶುರು ಮಾಡಿ, 2005ರಲ್ಲಿ ಸುಮಾರು 5.8 ಕಿಲೋಮೀಟರ್ ಹೊಳೆಯನ್ನು ಮತ್ತೆ ತೆರೆದರು. ನೀರಿನ ದಂಡೆಯಲ್ಲಿ ಬೇಸಿಗೆಯ ಬಿಸಿ ಪಕ್ಕದ ರಸ್ತೆಗಳಿಗಿಂತ ಕೆಲವು ಡಿಗ್ರಿ ಕಡಿಮೆ ಇರುತ್ತದೆ. ಆ ನೀರಿನ ಬಹುಪಾಲು ಪಂಪಿನಿಂದ ತಂದು ಹರಿಸಿದ್ದು ಎಂಬ ಟೀಕೆ ನ್ಯಾಯವಾದದ್ದೇ. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ. ಆ ಫ್ಲೈಓವರಿನ ಕೆಳಗೆ ಸಾಮಾನು ಹರಡಿಕೊಂಡು ಬದುಕುತ್ತಿದ್ದ ಬೀದಿ ವ್ಯಾಪಾರಿಗಳನ್ನು ಅಲ್ಲಿಂದ ಎಬ್ಬಿಸಲಾಯಿತು.

ಹಸಿರಿನ ವಿಷಯದಲ್ಲಿ ಕಣ್ಣಿಗೆ ಕಾಣದ ಭಾಗವೇ ಮುಖ್ಯ. ಪೇಟೆಯ ಮರಗಳು ಬೇಗ ಸಾಯಲು ಒಂದು ದೊಡ್ಡ ಕಾರಣ ಬುಡದಲ್ಲಿದೆ. ಕಲ್ಲು ಹಾಸುವ ಮೊದಲು ನೆಲವನ್ನು ದಮ್ಮಸು ಮಾಡಿ ಗಟ್ಟಿ ಮಾಡುತ್ತಾರೆ. ಅಲ್ಲಿ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಇದಕ್ಕೊಂದು ಉಪಾಯ ಮಾಡಿದರು. ದಪ್ಪ ಜಲ್ಲಿಯನ್ನು ತುಂಬಿ, ಅದರ ಸಂದುಗಳಿಗೆ ಮಣ್ಣು ಇಳಿಸುತ್ತಾರೆ. ಮೇಲಿನ ಭಾರವನ್ನು ಜಲ್ಲಿ ಹೊರುತ್ತದೆ, ಸಂದಿನಲ್ಲಿ ಬೇರು ಹರಡುತ್ತದೆ. ಬೀದಿಯ ಮಳೆನೀರು ಚರಂಡಿಗೆ ಹೋಗುವ ಬದಲು ಅದರೊಳಗೆ ಇಳಿಯುತ್ತದೆ. ಈಗೀಗ ಮಣ್ಣಿಗೆ ಇದ್ದಿಲನ್ನೂ ಸೇರಿಸುತ್ತಾರೆ.

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 2007ರಲ್ಲಿ ಭಾರಿ ನೆರೆ ಬಂದಿತ್ತು. ಅದೇ ಸುಮಾರಿಗೆ ಹೊಸ ವರ್ತುಲ ರಸ್ತೆ ಆದ ಕಾರಣ ಹಳೆಯ ಅಗಲ ರಸ್ತೆಯ ಬಹುಭಾಗ ಬೇಡವಾಯಿತು. ಅದರ ಡಾಂಬರು ಕಿತ್ತು, ತಗ್ಗಾದ ಹೂವಿನ ಮಡಿಗಳನ್ನು ಮಾಡಿದರು. ಮೊದಲ ಹಂತ ಮುಗಿದದ್ದು 2016ರಲ್ಲಿ. ಮಳೆ ಬಂದಾಗ ನೀರು ಮಡಿಯಿಂದ ಮಡಿಗೆ ನಿಧಾನವಾಗಿ ಇಳಿದು, ಸೋಸಿಕೊಂಡು ಹೊಳೆ ಸೇರುತ್ತದೆ.

ಈಗ ನಡೆಯುತ್ತಿರುವ ಒಂದು ಜಗಳ ಅಂಚುಕಲ್ಲಿನದ್ದು. ಬೀದಿ ಚೆಂದ ಕಾಣಲಿ, ಗಾಲಿಕುರ್ಚಿಗೆ ಅಡ್ಡಿಯಾಗದಿರಲಿ ಎಂದು ಹಲವು ಕಡೆ ಫುಟ್‌ಪಾತ್ ಮತ್ತು ರಸ್ತೆಯನ್ನು ಒಂದೇ ಮಟ್ಟಕ್ಕೆ ತಂದರು. ಆದರೆ ಕಣ್ಣು ಕಾಣದವರು ಬಿಳಿ ಕೋಲಿನಿಂದ ಆ ಅಂಚನ್ನು ತಟ್ಟಿಯೇ ತಮ್ಮ ದಾರಿ ತಿಳಿಯುತ್ತಿದ್ದರು. ಅವರ ಜೊತೆ ನಡೆಯುವ ನಾಯಿಗಳಿಗೂ ಅಂಚು ಬಂದಲ್ಲಿ ನಿಲ್ಲಲು ಕಲಿಸಿರುತ್ತಾರೆ. ಅಂಚು ಹೋದ ಮೇಲೆ ಆ ಬೀದಿಗೆ ಬರುವುದನ್ನೇ ಬಿಟ್ಟವರಿದ್ದಾರೆ. ಅವರು ಪಟ್ಟುಬಿಡದೆ ದನಿ ಎತ್ತಿದ್ದರಿಂದ 2018ರಲ್ಲಿ ಬ್ರಿಟನ್ ಸರ್ಕಾರ ಇಂಥ ಒಂದೇ ಮಟ್ಟದ ಹೊಸ ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಇಂಗ್ಲೆಂಡಿನ ಸ್ಥಳೀಯ ಆಡಳಿತಗಳಿಗೆ ಹೇಳಿತು.