ಬ್ಲ್ಯಾಕ್‌ಲೆಟರ್: ಗಾಥಿಕ್ ಅಕ್ಷರಗಳ ಗುಣ, ಬಳಕೆ

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರಿನಲ್ಲಿರುವ ಆ ದಪ್ಪ, ಮೊನಚಾದ, ಮೂಲೆಮೂಲೆಯ ಇಂಗ್ಲಿಷ್ ಅಕ್ಷರಗಳನ್ನು ನೋಡಿದ್ದೀರಲ್ಲ? ಆ ಶೈಲಿಯೇ ಬ್ಲ್ಯಾಕ್‌ಲೆಟರ್. ಗಾಥಿಕ್, ಓಲ್ಡ್ ಇಂಗ್ಲಿಷ್ ಎಂದೂ ಕರೆಯುತ್ತಾರೆ. ಫಾಂಟ್ ಹುಡುಕುವವರು ಒಂದು ವಿಷಯ ಗಮನಿಸಬೇಕು: ಅಮೆರಿಕದ ಅಚ್ಚುಮೊಳೆ ತಯಾರಕರು ಸೆರಿಫ್ (ಗೀಟಿನ ತುದಿಯ ಪುಟ್ಟ ಚಾಚು) ಇಲ್ಲದ ಸಾದಾ ಅಕ್ಷರಗಳಿಗೂ ‘ಗಾಥಿಕ್’ ಎಂದೇ ಹೆಸರಿಟ್ಟರು. ಫ್ರಾಂಕ್ಲಿನ್ ಗಾಥಿಕ್ ಹಾಕಿಕೊಂಡರೆ ಈ ಅಲಂಕಾರ ಸಿಗುವುದಿಲ್ಲ.

ಈ ಅಕ್ಷರಗಳ ಚೆಲುವು ಹುಟ್ಟಿದ್ದು ಅಗಲ ಮೊನೆಯ ಗರಿಲೇಖನಿಯಿಂದ. ಲೇಖನಿಯನ್ನು ಓರೆಯಾಗಿ ಹಿಡಿದು ಕೆಳಕ್ಕೆಳೆದರೆ ದಪ್ಪ ಗೀಟು, ಪಕ್ಕಕ್ಕೆ ಜಾರಿಸಿದರೆ ಕೂದಲೆಳೆಯ ಗೀಟು. ಗೀಟು ಶುರುವಾಗುವಲ್ಲಿ, ಮುಗಿಯುವಲ್ಲಿ ಮೊನೆಯನ್ನು ಒಂದಿಷ್ಟು ಓರೆಯಾಗಿ ಎಳೆದರೆ ಅಲ್ಲೊಂದು ವಜ್ರಾಕಾರದ ಚೌಕ ಮೂಡುತ್ತದೆ. ಇದರ ಸೆರಿಫ್ ಅದೇ. ಟೆಕ್ಸ್ಚುರಾ ಎಂಬ ಪ್ರಕಾರದಲ್ಲಂತೂ ದುಂಡು ಎಂಬುದೇ ಕಡಿಮೆ. ‘ಓ’ ಅಕ್ಷರವೂ ಮುರಿದ ಗೀಟುಗಳಿಂದಲೇ ಆಗುತ್ತದೆ. ಟೆಕ್ಸ್ಚುರಾದಲ್ಲಿ ‘ಮಿನಿಮಮ್’ ಎಂಬ ಪದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಹೆಚ್ಚುಕಡಿಮೆ ಒಂದೇ ತೆರನಾದ 15 ಗೀಟುಗಳು ಸಾಲಾಗಿ ನಿಲ್ಲುತ್ತವೆ, ಬೇಲಿಯ ಗೂಟಗಳಂತೆ. ಯಾವ ಅಕ್ಷರ ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯದು. ಸಣ್ಣ ‘ಐ’ ಮೇಲೆ ನಾವಿಂದು ಇಡುವ ಚುಕ್ಕೆ, ಇಂಥ ಗೊಂದಲ ತಪ್ಪಿಸಲು ಲಿಪಿಕಾರರು ಹಾಕುತ್ತಿದ್ದ ಪುಟ್ಟ ಓರೆಗೀಟಿನಿಂದ ಬಂದದ್ದು.

ಜರ್ಮನಿಯ ಮೈಂಜ್ ನಗರದಲ್ಲಿ ಸುಮಾರು 1455ರಲ್ಲಿ ಗುಟೆನ್‌ಬರ್ಗ್ ಪುಟಕ್ಕೆ 42 ಸಾಲಿನ ಬೈಬಲ್ ಅಚ್ಚು ಹಾಕಿದಾಗ ಮೊಳೆಗಳನ್ನು ಎರಕ ಹೊಯ್ದದ್ದು ಈ ಟೆಕ್ಸ್ಚುರಾದಲ್ಲೇ. ಓದುವವರ ಕಣ್ಣು ಪಳಗಿದ್ದು ಈ ಕೈಬರಹಕ್ಕೆ, ಹಾಗಾಗಿ ಮೊಳೆಗಳೂ ಅದನ್ನೇ ಅನುಸರಿಸಿದವು.

ಇದರ ಇನ್ನೊಂದು ಪ್ರಕಾರ, ಕೊಂಚ ಬಾಗು ಬಳುಕು ಇರುವ ಫ್ರಾಕ್ಟೂರ್, 16ನೇ ಶತಮಾನದಿಂದ ಜರ್ಮನ್ನರ ದಿನಬಳಕೆಯ ಅಚ್ಚಾಗಿತ್ತು. ಇದು ನಾಜಿಗಳ ಅಕ್ಷರವೆಂದು ಈಗಲೂ ಹಲವರು ಭಾವಿಸಿದ್ದಾರೆ. ಮೊದಮೊದಲು ಅವರು ಇದನ್ನು ಮೆರೆಸಿದ್ದು ನಿಜ. ಆದರೆ 1941ರ ಜನವರಿ 3ರಂದು ನಾಜಿ ಪಕ್ಷದ ಹಿರಿಯ ನಾಯಕ ಮಾರ್ಟಿನ್ ಬೋರ್ಮನ್ ಹೊರಡಿಸಿದ ಸುತ್ತೋಲೆ, ಇವು ಯೆಹೂದ್ಯರ ಅಕ್ಷರಗಳೆಂದು ಸುಳ್ಳು ಹೇಳಿ ಇವುಗಳ ಬಳಕೆಯನ್ನೇ ನಿಲ್ಲಿಸಿತು. ನಾನೂರು ವರ್ಷ ಮಕ್ಕಳ ಪುಸ್ತಕದಿಂದ ಹಿಡಿದು ವಿಜ್ಞಾನದ ಗ್ರಂಥಗಳವರೆಗೆ ಎಲ್ಲವನ್ನೂ ಹೊತ್ತ ಲಿಪಿಯ ಮೇಲೆ ಹನ್ನೆರಡು ವರ್ಷದ ಆಳ್ವಿಕೆಯ ಕಳಂಕ ಉಳಿದಿರುವುದು ಅನ್ಯಾಯ.

ಇಂದು ಇದನ್ನು ಕಾಣುವುದು ಪತ್ರಿಕೆಗಳ ಹೆಸರಲ್ಲಿ, ಪದವಿ ಪ್ರಮಾಣಪತ್ರಗಳಲ್ಲಿ, ಬಿಯರ್ ಲೇಬಲ್‌ಗಳಲ್ಲಿ, ಹೆವಿ ಮೆಟಲ್ ತಂಡಗಳ ಲಾಂಛನಗಳಲ್ಲಿ, ಹಚ್ಚೆಯಲ್ಲಿ. ಹಳತು, ಗಂಭೀರ, ಕೈಯಿಂದ ಮಾಡಿದ್ದು ಎಂಬ ಭಾವ ಒಂದೆರಡು ಪದದಲ್ಲೇ ಬಂದುಬಿಡುತ್ತದೆ. ಅಷ್ಟಕ್ಕೇ ಬಳಸಿ. ಇಡೀ ಪ್ಯಾರಾ ಇದರಲ್ಲಿ ಹಾಕಿದರೆ ಇಂದಿನ ಓದುಗರು ಎರಡನೇ ಸಾಲಿಗೇ ಕೈಬಿಡುತ್ತಾರೆ. ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಂತೂ ಖಂಡಿತ ಬೇಡ. ಇದರ ಕ್ಯಾಪಿಟಲ್‌ಗಳು ಪದದ ಮೊದಲಿಗೆ ಒಂಟಿಯಾಗಿ ಮೆರೆಯಲೆಂದೇ ಬಳ್ಳಿ, ಜೋಡಿಗೀಟು ಹೊತ್ತು ನಿಂತಿರುತ್ತವೆ. ಪಕ್ಕಪಕ್ಕ ಇಟ್ಟರೆ ಒಂದರೊಳಗೊಂದು ಸಿಕ್ಕಿಕೊಂಡು ಹೆಸರೇ ಓದಲಾಗುವುದಿಲ್ಲ. ಸಣ್ಣಕ್ಷರಗಳ ನಡುವಿನ ಅಂತರವನ್ನೂ ಹಿಗ್ಗಿಸಬೇಡಿ. ಅಕ್ಷರದ ಒಳಗಿನ ಬಿಳುಪು, ಎರಡು ಅಕ್ಷರಗಳ ನಡುವಿನ ಬಿಳುಪು ಸಮನಾಗಿದ್ದರೇನೇ ಆ ಒತ್ತೊತ್ತಾದ ಕಪ್ಪು ನೇಯ್ಗೆ ಕೂಡಿಬರುವುದು.