ಮುಖ ಅಳೆಯಲು ಯಾಕಿಷ್ಟು ಕಾಲ ಬೇಕಾಯಿತು?

ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಬದಲಾಗುವುದು ಹಲ್ಲಷ್ಟೇ ಅಲ್ಲ. ಮುಂದಿನ ಹಲ್ಲು ಹಿಂದಕ್ಕೆ ಸರಿದರೆ ತುಟಿಯೂ ಸ್ವಲ್ಪ ಹಿಂದೆ ಹೋಗಬಹುದು. ದವಡೆಯ ಆಪರೇಷನ್ ಆದರೆ ಗದ್ದ, ಕೆನ್ನೆ, ಮೂಗಿನ ಬುಡದ ಆಕಾರವೂ ಬದಲಾಗುತ್ತದೆ. ಕನ್ನಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಇದೇ ಅಲ್ವಾ? ಆದರೂ ಇದನ್ನು ಅಳೆಯುವ ವಿದ್ಯೆ ಬಹಳ ವರ್ಷ ಹಿಂದುಳಿದೇ ಇತ್ತು.

1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್ ಮತ್ತು ಜರ್ಮನಿಯ ಹೊಫ್ರಾತ್, ತಲೆಯನ್ನು ಅಲುಗದಂತೆ ನಿಲ್ಲಿಸಿ ಪಕ್ಕದಿಂದ ಎಕ್ಸ್-ರೇ ತೆಗೆಯುವ ವಿಧಾನವನ್ನು ಬೇರೆಬೇರೆಯಾಗಿಯೇ ರೂಪಿಸಿದರು. ಗೆರೆ ಎಳೆದು ಕೋನ ಅಳೆಯಬಹುದು, ಮುಂದೆ ಇನ್ನೊಂದು ತೆಗೆದು ಹೋಲಿಸಬಹುದು. ದಂತವೈದ್ಯರಿಗೆ ಅದು ನಿಜಕ್ಕೂ ದೊಡ್ಡ ವರ. ಆದರೆ ಆ ಚಿತ್ರದಲ್ಲಿ ಮೂಳೆಗೇ ಜಾಸ್ತಿ ಮರ್ಯಾದೆ. ಮುಖ ಬರೀ ಅಂಚಿನ ಗೆರೆ. ಗದ್ದ ಎಡಕ್ಕೆ ವಾಲಿದೆಯೋ ಬಲಕ್ಕೋ, ತಿಳಿಯುವುದಿಲ್ಲ.

ನಕ್ಷೆ ಮಾಡುವವರ ವಿದ್ಯೆ ಇಲ್ಲಿ ನೆರವಿಗೆ ಬಂತು. ಎರಡು ಕಡೆಯಿಂದ ಫೋಟೋ ತೆಗೆದು, ಬೆಟ್ಟದ ಎತ್ತರ ಗುರುತಿಸುವ ಹಾಗೆ ಮುಖದ ಉಬ್ಬುತಗ್ಗು ಗುರುತಿಸುವುದು. ಬರ್ಕ್ ಮತ್ತು ಬಿಯರ್ಡ್ ಎಂಬ ಸಂಶೋಧಕರು 1967ರಲ್ಲಿ ಇದನ್ನು ಮುಖಕ್ಕೆ ಬಳಸಿದರು. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಲೇಸರ್ ಸ್ಕ್ಯಾನ್ ಬಂತು. ಸ್ಕ್ಯಾನ್ ಮುಗಿಯುವವರೆಗೆ ಅಲ್ಲಾಡದೆ ಕೂರಬೇಕು, ಮಕ್ಕಳಿಗೆ ಅದು ಕಷ್ಟ. ಆಮೇಲೆ ಹಲವು ಡಿಜಿಟಲ್ ಕ್ಯಾಮೆರಾಗಳು ಒಟ್ಟಿಗೇ ಕ್ಲಿಕ್ಕಿಸುವ ಯಂತ್ರಗಳು ಬಂದವು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಎಕ್ಸ್-ರೇ ಕಿರಣ ಇಲ್ಲದ್ದರಿಂದ ಎಷ್ಟು ಸಲ ಬೇಕಾದರೂ ತೆಗೆಯಬಹುದು. ಹಲ್ಲಿನ ಬೇರು, ಮೂಳೆ ನೋಡಬೇಕಾದರೆ ಮಾತ್ರ ಎಕ್ಸ್-ರೇಯೇ ಬೇಕು.

ನನ್ನ ಪ್ರಕಾರ ನಿಜವಾದ ತೊಡಕು ಇರುವುದು ಕ್ಯಾಮೆರಾದಲ್ಲಿ ಅಲ್ಲ, ಹೋಲಿಕೆಯಲ್ಲಿ. ಆಪರೇಷನ್‌ಗೆ ಮುಂಚಿನ ಮತ್ತು ನಂತರದ ಎರಡು ಮುಖಗಳನ್ನು ಒಂದರ ಮೇಲೊಂದು ಕೂರಿಸಬೇಕು. ಎಲ್ಲಿ ಹೊಂದಿಸುವುದು? ಗದ್ದ ಮಾತ್ರ ಮುಂದೆ ಬಂದಿದೆ ಎಂದುಕೊಳ್ಳಿ. ಇಡೀ ಮುಖವನ್ನು ಸುಮ್ನೆ ಹೊಂದಿಸಲು ಹೇಳಿದರೆ, ಕಂಪ್ಯೂಟರ್ ಆ ವ್ಯತ್ಯಾಸವನ್ನು ಎಲ್ಲ ಕಡೆ ಹಂಚಿಬಿಡುತ್ತದೆ. ಗದ್ದ ಮುಂದೆ ಬಂದದ್ದು ಕಡಿಮೆ ಕಾಣುತ್ತದೆ, ಅಲುಗದ ಹಣೆ ಹಿಂದೆ ಹೋದಂತೆ ಕಾಣುತ್ತದೆ. ವ್ಯತ್ಯಾಸವನ್ನು ಬಣ್ಣಗಳಲ್ಲಿ ತೋರಿಸುವ ಚಿತ್ರವೇನೋ ಚೆನ್ನಾಗಿಯೇ ಬರುತ್ತದೆ, ಅಳತೆ ತಪ್ಪಿರುತ್ತದೆ. ಅದಕ್ಕೇ ಹೆಚ್ಚು ಬದಲಾಗದ ಹಣೆ ಮತ್ತು ಮೂಗಿನ ಮೇಲ್ಭಾಗವನ್ನು ಆಧಾರವಾಗಿ ಹಿಡಿಯುತ್ತಾರೆ. ತುಟಿ ಬಿಗಿಹಿಡಿದರೂ ಲೆಕ್ಕ ಕೆಡುತ್ತದೆ, ಹಾಗಾಗಿ ಎರಡೂ ಸಲ ಮುಖ ಸಡಿಲವಾಗಿರಬೇಕು.

ದೊಡ್ಡವರಲ್ಲಿ ಇಷ್ಟು ಸಾಕು. ಬೆಳೆಯುವ ಮಕ್ಕಳಲ್ಲಿ ಹಣೆ, ಮೂಗೂ ಬೆಳೆಯುತ್ತವೆ. ಕ್ಲಿಪ್ ಹಾಕಿಸಿಕೊಳ್ಳುವವರಲ್ಲಿ ಬಹಳಷ್ಟು ಜನ ಅವರೇ. ಎಷ್ಟು ಬದಲಾವಣೆ ಚಿಕಿತ್ಸೆಯದು, ಎಷ್ಟು ಬೆಳವಣಿಗೆಯದು ಎಂದು ಒಂದು ಸ್ಕ್ಯಾನ್ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಅದಕ್ಕೆ ಕ್ಲಿಪ್ ಹಾಕಿಸದ, ಅದೇ ವಯಸ್ಸಿನ ಮಕ್ಕಳ ಮುಖಗಳನ್ನೂ ವರ್ಷಗಟ್ಟಲೆ ಅಳೆದಿಟ್ಟುಕೊಂಡಿರಬೇಕು.