ಹಳೇ ಪ್ರಿಂಟರ್ ಮನೆಯ ನೆಟ್‌ವರ್ಕ್‌ಗೆ: ಮೊದಲು ಅದರ ಭಾಷೆ ತಿಳಿಯಿರಿ

ಹಳೇ ಪ್ರಿಂಟರ್ ಚೆನ್ನಾಗೇ ಓಡುತ್ತಿದೆ, ಆದರೆ ಕೇಬಲ್ ಚುಚ್ಚಿರುವ ಒಂದೇ ಕಂಪ್ಯೂಟರ್‌ನಿಂದ ಮಾತ್ರ. ಮನೆಯ ಎಲ್ಲರಿಗೂ ಅದು ಸಿಗಬೇಕು. ಆಗ ನಾವು ಮೊದಲು ಅದರ ಹಿಂಭಾಗ ನೋಡುತ್ತೇವೆ, ಯಾವ ಪೋರ್ಟ್ ಇದೆ ಅಂತ. ಅದೂ ಬೇಕು. ಆದರೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇದು: ಪುಟವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುವ ಕೆಲಸ ಮಾಡುವುದು ಪ್ರಿಂಟರೋ, ಕಂಪ್ಯೂಟರೋ?

ಅಡುಗೆ ಭಟ್ಟರಿಗೆ 'ಐವತ್ತು ಜನಕ್ಕೆ ಬಿಸಿಬೇಳೆ ಬಾತ್' ಅಂದರೆ ಸಾಕು, ಉಳಿದದ್ದು ಅವರಿಗೆ ಗೊತ್ತು. ಹೊಸ ಹುಡುಗನಿಗಾದರೆ 'ಈಗ ಉಪ್ಪು ಹಾಕು, ಈಗ ತಿರುವು' ಅಂತ ಪಕ್ಕದಲ್ಲೇ ನಿಂತು ಹೇಳಬೇಕು. ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂಬ, ಪುಟವನ್ನು ವಿವರಿಸುವ ಭಾಷೆ ಬಲ್ಲ ಪ್ರಿಂಟರ್ ಭಟ್ಟರ ಹಾಗೆ. ಇನ್ನೊಂದು ಜಾತಿಗೆ ಕಂಪ್ಯೂಟರ್‌ನ ಡ್ರೈವರೇ (ಪ್ರಿಂಟರ್ ನಡೆಸುವ ತಂತ್ರಾಂಶ) ಎಲ್ಲವನ್ನೂ ಮಾಡಿಕೊಡಬೇಕು. ಜೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಈ ಜಾತಿಯದು. ಎಚ್‌ಪಿ ಲೇಸರ್‌ಜೆಟ್ 1020 ಕೂಡ ಹಾಗೇ. ಅದಕ್ಕಂತೂ ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್‌ನಿಂದ ಫರ್ಮ್‌ವೇರ್, ಅಂದರೆ ಅದರ ಒಳಗೆ ಓಡುವ ತಂತ್ರಾಂಶ, ಹೋಗಬೇಕು.

ಇದು ತಿಳಿಯುವ ಮೊದಲೇ ನಾನು ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ, ಪ್ರಿಂಟರನ್ನು ನೆಟ್‌ವರ್ಕ್‌ಗೆ ಜೋಡಿಸುವ ಒಂದು ಪ್ರಿಂಟ್ ಸರ್ವರ್ ಡಬ್ಬಿ ತಂದಿದ್ದೆ. ಕೇಬಲ್ ಸರಿಯಾಗಿ ಕೂತಿತು, ದೀಪ ಹತ್ತಿತು, ಕಾಗದ ಮಾತ್ರ ಬರಲಿಲ್ಲ. ಕಾರಣ ಆಮೇಲೆ ಗೊತ್ತಾಯಿತು. ಇಂಥ ಸರಳ ಡಬ್ಬಿ ಸಾಮಾನ್ಯವಾಗಿ ನೆಟ್‌ವರ್ಕ್‌ನ 9100ನೇ ಪೋರ್ಟ್‌ಗೆ (ಇದು ಚುಚ್ಚುವ ಜಾಗವಲ್ಲ, ಬರೀ ಸಂಖ್ಯೆ) ಬಂದದ್ದನ್ನು ಸುಮ್ನೆ ಪ್ರಿಂಟರ್‌ಗೆ ದಾಟಿಸುತ್ತದೆ. ಡ್ರೈವರನ್ನೇ ನಂಬಿದ ನಮ್ಮ ಪ್ರಿಂಟರ್‌ಗೆ ಅಷ್ಟು ಸಾಲದು, ಡ್ರೈವರ್ ಜೊತೆ ಎರಡೂ ಕಡೆಯ ಮಾತುಕತೆ ಬೇಕು. ಪಿಸಿಎಲ್ ಪ್ರಿಂಟರ್ ಆಗಿದ್ದರೆ ಅದೇ ಡಬ್ಬಿ ಸಾಕಾಗುತ್ತಿತ್ತು. ಹಾಗಾಗಿ ಮಾಡೆಲ್ ಹೆಸರು ಹಾಕಿ ಅದರ ಭಾಷೆ ಯಾವುದು ಅಂತ ನೋಡಿಕೊಂಡೇ ದುಡ್ಡು ಬಿಚ್ಚಿ.

ಪ್ರಿಂಟರ್‌ನಲ್ಲೇ ಈಥರ್ನೆಟ್ ಪೋರ್ಟ್ ಇದ್ದರೆ ಕಷ್ಟವೇ ಇಲ್ಲ, ರೌಟರ್‌ಗೆ ಚುಚ್ಚಿದರಾಯಿತು. ಹಳೇ ವೈಫೈ ಪ್ರಿಂಟರ್ ಆದರೆ ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್ ಚಾಲೂ ಇದೆಯಾ ನೋಡಿ. ಅವುಗಳಲ್ಲಿ ಹೆಚ್ಚಿನವಕ್ಕೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ.

ಯುಎಸ್‌ಬಿ ಮಾತ್ರ ಇರುವ, ಡ್ರೈವರನ್ನೇ ನಂಬಿದ ಪ್ರಿಂಟರ್‌ಗೆ ಸರಿಯಾದ ದಾರಿ ವಿಂಡೋಸ್ ಶೇರಿಂಗ್. ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಆನ್ ಮಾಡಿ, ಖಾಲಿ ಜಾಗ ಇಲ್ಲದ ಚಿಕ್ಕ ಹೆಸರು ಕೊಡಿ. ನೆಟ್‌ವರ್ಕ್ ಪ್ರೊಫೈಲ್ 'ಪ್ರೈವೇಟ್' ಆಗಿರಲಿ, 'ಪಬ್ಲಿಕ್' ಆಗಿದ್ದರೆ ಬೇರೆ ಕಂಪ್ಯೂಟರ್‌ಗೆ ಪ್ರಿಂಟರ್ ಕಾಣುವುದಿಲ್ಲ. 2021ರ ಸೆಪ್ಟೆಂಬರ್ ಅಪ್‌ಡೇಟ್ ನಂತರ ಹಲವರಿಗೆ '11ಬಿ' ಎಂದು ಮುಗಿಯುವ ದೋಷ ಬಂದು ಇಲ್ಲೇ ಎಲ್ಲ ನಿಲ್ಲುತ್ತಿತ್ತು. ಅದಕ್ಕೊಂದು ಉಪಾಯ ಇದೆ. ಎರಡನೇ ಕಂಪ್ಯೂಟರ್‌ನಲ್ಲಿ ಮೊದಲು ಡ್ರೈವರ್ ಹಾಕಿ. ಆಮೇಲೆ ಹೊಸ 'ಲೋಕಲ್ ಪೋರ್ಟ್' ಮಾಡಿ, ಅದರ ಹೆಸರಿನ ಜಾಗದಲ್ಲಿ \\ಕಂಪ್ಯೂಟರ್‌ಹೆಸರು\ಪ್ರಿಂಟರ್‌ಹೆಸರು ಎಂದು ಬರೆಯಿರಿ. ನನಗೆ ಕೆಲಸ ಆಗಿದ್ದು ಹೀಗೇ.

ಇದರಲ್ಲಿ ಒಂದೇ ಕೊರತೆ: ಆ ಮೊದಲ ಕಂಪ್ಯೂಟರ್ ಯಾವಾಗಲೂ ಆನ್ ಇರಬೇಕು. ಅದು ಬೇಡ ಅನ್ನುವವರು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ, ಪ್ರಿಂಟರ್ ಹಂಚುವ ತಂತ್ರಾಂಶವಾದ ಕಪ್ಸ್ (CUPS) ಹಾಕಬಹುದು. ಜೊತೆಗೆ, ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಇದೆ ಅಂತ ಸಾರುವ ಅವಾಹಿ (Avahi) ಇದ್ದರೆ ಐಫೋನ್‌ಗೂ ಪ್ರಿಂಟರ್ ಕಾಣುತ್ತದೆ, ಎಷ್ಟು ಅನುಕೂಲ ಅಲ್ವಾ! ಆದರೆ ಪೈನಲ್ಲಿರುವುದು ಎಆರ್‌ಎಂ ಚಿಪ್, ಸಾಮಾನ್ಯ ಪಿಸಿಗಳಲ್ಲಿರುವ ಬಗೆಯದಲ್ಲ. ನಿಮ್ಮ ಮಾಡೆಲ್‌ಗೆ ಅದರಲ್ಲಿ ಓಡುವ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿ.

ಈಥರ್ನೆಟ್, ವೈಫೈ ಪ್ರಿಂಟರ್ ಇರುವವರಿಗೆ ಇನ್ನೊಂದು ಮಾತು. ರೌಟರ್ ಕೊಡುವ ಐಪಿ ವಿಳಾಸ ಬಾಡಿಗೆ ಮನೆಯ ಹಾಗೆ. ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರ್ 192.168.1.20ರಿಂದ 192.168.1.23ಕ್ಕೆ ಮನೆ ಬದಲಿಸಿರಬಹುದು. ಕಂಪ್ಯೂಟರ್ ಹಳೇ ಬಾಗಿಲನ್ನೇ ತಟ್ಟುತ್ತಾ 'ಆಫ್‌ಲೈನ್' ಅನ್ನುತ್ತದೆ. ರೌಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ) ಪುಟದಲ್ಲಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ಸ್ವಂತ ಗುರುತಿನ ಸಂಖ್ಯೆಗೆ, ಒಂದು ಐಪಿ ಕಾಯ್ದಿರಿಸಿದರೆ ಈ ತೊಂದರೆ ಇರುವುದಿಲ್ಲ.

ಕರೆಂಟಿನ ಭಯಕ್ಕೆ ಲೇಸರ್ ಪ್ರಿಂಟರನ್ನು ಮಾತ್ರ ಮನೆಯ ಚಿಕ್ಕ ಯುಪಿಎಸ್‌ಗೆ ಹಾಕಬೇಡಿ. ಟೋನರ್ ಕರಗಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ತುಂಬಾ ಕರೆಂಟು ಎಳೆಯುತ್ತದೆ. ರೌಟರ್ ಮತ್ತು ಪೈ ಯುಪಿಎಸ್‌ನಲ್ಲಿರಲಿ, ಪ್ರಿಂಟರ್ ಗೋಡೆಯ ಸಾಕೆಟ್‌ನಲ್ಲೇ ಇರಲಿ.